ಅಲುಗಿದ ಪುಟ್ಟ ಕಾಲು

ಕ್ಯಾಮೆರಾ ಕೊಳವೆಯೊಳಗೆ ಇಳಿಯಿತು. ಪರದೆಯ ಮೇಲೆ ಮಣ್ಣು, ಮತ್ತೆ ಮಣ್ಣು, ಆಮೇಲೆ ಎರಡು ಪುಟ್ಟ ಕಾಲು. ಕಾಲು ಅಲುಗಿತು. ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ 2024ರ ಏಪ್ರಿಲ್ 3ರ ರಾತ್ರಿ ನೆರೆದಿದ್ದವರಿಗೆಲ್ಲ ಅಷ್ಟು ಸಾಕಿತ್ತು. ಕೂಸು ಬದುಕಿದೆ.

ಇಂಡಿ ಸೀಮೆ ಲಿಂಬೆಗೆ ಹೆಸರುವಾಸಿ, ಮಳೆಗಲ್ಲ. ಬೆಳೆ ಉಳಿಸಿಕೊಳ್ಳಲು ಬೋರು ಕೊರೆಸದೆ ಅಲ್ಲಿ ಗತಿಯಿಲ್ಲ. ಹೊಸದಾಗಿ ಕೊರೆಸಿದ ಬೋರಿನ ಬಾಯಿ ತೆರೆದೇ ಇತ್ತು. ಸಂಜೆ ಆಡುತ್ತ ಬಂದ ಎರಡು ವರ್ಷದ ಆಸುಪಾಸಿನ ಗಂಡುಕೂಸು ತಲೆಕೆಳಗಾಗಿ ಜಾರಿ, ಸುಮಾರು 16 ಅಡಿ ಆಳದಲ್ಲಿ ಸಿಕ್ಕಿಕೊಂಡಿತ್ತು. ಬಾಗಲಕೋಟೆಯ ಸೂಳಿಕೇರಿ (2014), ಅಥಣಿಯ ಝುಂಜರವಾಡ (2017) ನೆನಪಿದ್ದವರು ಆ ರಾತ್ರಿ ಆಸೆ ಇಟ್ಟುಕೊಳ್ಳಲೂ ಹೆದರಿರಬೇಕು. ಆ ಎರಡೂ ಕಡೆ ದಿನಗಟ್ಟಲೆ ಅಗೆದರೂ ಮಗು ಉಳಿದಿರಲಿಲ್ಲ.

ಬೆಂಕಿ ಆರಿಸುವವರಿಗೆ ಬೋರಿನಲ್ಲೇನು ಕೆಲಸ ಎಂದು ಕೇಳುವವರಿದ್ದಾರೆ. ನಮ್ಮ ರಾಜ್ಯದಲ್ಲಿ ಅವರ ಇಲಾಖೆಯ ಪೂರ್ತಿ ಹೆಸರು ಅಗ್ನಿಶಾಮಕ ಮತ್ತು ತುರ್ತು ಸೇವೆಗಳು. ಬಣವೆಗೆ ಬೆಂಕಿ ಬಿದ್ದರೂ ಅವರೇ, ಎಮ್ಮೆ ಬಾವಿಗೆ ಬಿದ್ದರೂ ಅವರೇ, ಹೊಳೆಯಲ್ಲಿ ಹೆಣ ಹುಡುಕಲೂ ಅವರೇ. ರಾಜ್ಯ ವಿಪತ್ತು ಸ್ಪಂದನಾ ಪಡೆ, ಅಂದರೆ ಎಸ್‌ಡಿಆರ್‌ಎಫ್, ಇರುವುದೂ ಈ ಇಲಾಖೆಯ ಆಡಳಿತದಲ್ಲೇ. ಲಚ್ಯಾಣದಲ್ಲಿ ಇವರ ಜೊತೆ ರಾಷ್ಟ್ರೀಯ ಪಡೆಯಾದ ಎನ್‌ಡಿಆರ್‌ಎಫ್ ಸೇರಿತು. ಪೊಲೀಸರು, ಕಂದಾಯದವರು, ಯಂತ್ರ ನಡೆಸುವವರು, ಊರವರು ಹೇಗೂ ಇದ್ದರು.

ಇಂಥ ಕೆಲಸದಲ್ಲಿ ಕೊಳವೆಯನ್ನೇ ಅಗಲ ಮಾಡಹೋದರೆ ಮಣ್ಣೆಲ್ಲ ಮಗುವಿನ ಮೇಲೆ ಸುರಿಯುತ್ತದೆ. ಅದಕ್ಕೇ ಪಕ್ಕದಲ್ಲಿ ಇನ್ನೊಂದು ಗುಂಡಿ ತೋಡುತ್ತಾರೆ. ಮಗು ಇರುವ ಮಟ್ಟಕ್ಕಿಂತ ಕೆಳಗೆ ಇಳಿದು, ಅಲ್ಲಿಂದ ಅಡ್ಡಕ್ಕೆ ಸುರಂಗ ಕೊರೆಯಬೇಕು. ಲಚ್ಯಾಣದಲ್ಲಿ ಸುಮಾರು 21 ಅಡಿ ತೋಡಿದರು. ಅಲ್ಲಿಯವರೆಗೆ ಹಿಟಾಚಿ, ಜೆಸಿಬಿಗಳ ಅಬ್ಬರ. ಅಡ್ಡಕ್ಕೆ ತಿರುಗಿದಾಗ ಕಲ್ಲು ಸಿಕ್ಕಿತು. ದೊಡ್ಡ ಯಂತ್ರ ಹಚ್ಚಿದರೆ ಕಲ್ಲೇನೋ ಒಡೆದೀತು, ಆ ಅದುರಾಟಕ್ಕೆ ಕೊಳವೆಯ ಗೋಡೆಯೂ ಕಳಚಿ ಬಿದ್ದೀತು. ಮೇಲೆ ಸಾವಿರ ಜನ ‘ಬೇಗ, ಬೇಗ’ ಅನ್ನುವಾಗ ಕೆಳಗಿನವರು ನಿಧಾನ ಮಾಡಬೇಕು. ನನ್ನ ಲೆಕ್ಕದಲ್ಲಿ ಈ ಕಸುಬಿನ ಕಷ್ಟವೆಲ್ಲ ಇರುವುದು ಈ ನಿಧಾನದಲ್ಲೇ. ಏಣಿ ಹತ್ತುವುದು, ಹೊಗೆಗೆ ನುಗ್ಗುವುದು ಕಣ್ಣಿಗೆ ಕಾಣುವ ಧೈರ್ಯ. ಕಲ್ಲನ್ನು ಚೂರು ಚೂರಾಗಿ ಕೆತ್ತುತ್ತ ಕೂರುವುದು ಯಾರ ಕಣ್ಣಿಗೂ ಬೀಳುವುದಿಲ್ಲ.

ಈ ಹೊತ್ತಿನಲ್ಲಿ ಇನ್ನೊಂದು ತಂಡ ಮೇಲಿನಿಂದ ಪೈಪಿನಲ್ಲಿ ಆಮ್ಲಜನಕ ಬಿಡುತ್ತಿತ್ತು. ಆಂಬುಲೆನ್ಸ್ ಸಿದ್ಧವಾಗಿ ನಿಂತಿತ್ತು. ಏಪ್ರಿಲ್ 4ರ ಮಧ್ಯಾಹ್ನ, ಬಿದ್ದು ಹತ್ತಿರ ಹತ್ತಿರ 20 ಗಂಟೆ ಕಳೆದ ಮೇಲೆ, ಕೂಸನ್ನು ಜೀವಂತವಾಗಿ ಎತ್ತಿ ಆಸ್ಪತ್ರೆಗೆ ಒಯ್ದರು.

ಹೊರಗೆ ತೆಗೆದರೆ ಮುಗಿಯಿತು ಎಂದುಕೊಳ್ಳುತ್ತೇವೆ. ವೈದ್ಯಕೀಯ ಸಿಬ್ಬಂದಿಯ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ, ಕೆಲವೊಮ್ಮೆ ಹೊರಗೆ ತೆಗೆಯುವ ಮೊದಲೇ ಶುರುವಾಗಿರುತ್ತದೆ. ಧಾರವಾಡದ ಕುಮಾರೇಶ್ವರ ನಗರದಲ್ಲಿ 2019ರ ಮಾರ್ಚ್ 19ರಂದು ಕಟ್ಟಡ ಕುಸಿದು 19 ಮಂದಿ ಸತ್ತಾಗ, 60 ಗಂಟೆ ಮೀರಿದ ಮೇಲೂ ಅವಶೇಷದಡಿಯಿಂದ ಜೀವಂತ ಬಂದವರಿದ್ದರು. ಇಂಥ ಕಡೆ ಕಣ್ಣಿಗೆ ಕಾಣದ ಒಂದು ಅಪಾಯವಿದೆ. ತಾಸುಗಟ್ಟಲೆ ತೊಲೆಯಡಿ ಜಜ್ಜಿದ ಕಾಲಿನ ಸ್ನಾಯುಗಳಲ್ಲಿ ಪೊಟ್ಯಾಸಿಯಂ ಹೊರಬಿದ್ದು ನಿಂತಿರುತ್ತದೆ. ತೊಲೆ ಎತ್ತಿದ ಕ್ಷಣ ಅದು ರಕ್ತಕ್ಕೆ ನುಗ್ಗಿ ಹೃದಯ ನಿಲ್ಲಿಸಬಹುದು. ಅಷ್ಟು ಹೊತ್ತೂ ಮಾತಾಡುತ್ತಿದ್ದವರು ಹೊರಗೆ ತಂದೊಡನೆ ಕಣ್ಣುಮುಚ್ಚುವುದು ಹೀಗೆ. ಅದಕ್ಕೇ ಕೈಗೆ ಎಟುಕುವಂತಿದ್ದರೆ ತೊಲೆ ಎತ್ತುವ ಮೊದಲೇ ಸಲೈನ್ ಹಚ್ಚಬೇಕು. ಅಗೆಯುವವರೂ ಸೂಜಿ ಚುಚ್ಚುವವರೂ ಒಬ್ಬರನ್ನೊಬ್ಬರು ಕಾಯಬೇಕು.

ಸೂಜಿ ಚುಚ್ಚುವವರನ್ನು ಹೊತ್ತು ತರುವ 108 ಆಂಬುಲೆನ್ಸ್ ಕರ್ನಾಟಕದಲ್ಲಿ ಶುರುವಾದದ್ದು 2008ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ. ಗಾಡಿಯಲ್ಲಿ ಇಬ್ಬರು: ತುರ್ತು ಚಿಕಿತ್ಸೆಯ ತರಬೇತಿ ಪಡೆದ ಇಎಂಟಿ, ಇನ್ನೊಬ್ಬ ಡ್ರೈವರ್. ಡ್ರೈವರನ್ನು ಅವರ ಬಳಗದಲ್ಲಿ ‘ಪೈಲಟ್’ ಎನ್ನುತ್ತಾರೆ. ನಮ್ಮ ಊರುಗಳ ರಸ್ತೆ ಬಲ್ಲವರು ಆ ಹೆಸರಿಗೆ ನಗಲಾರರು. ಹೆರಿಗೆ ದಾರಿಯಲ್ಲೇ ಆದರೆ ಗಾಡಿ ಬದಿಗೆ ನಿಲ್ಲಿಸಿ ಬ್ಯಾಟರಿ ಹಿಡಿಯುವವನೂ ಅವನೇ.

ಬೆಂಕಿ ಆರಿಸುವವರನ್ನು, ಜೀವ ಉಳಿಸುವವರನ್ನು ಗೌರವಿಸುವ ದಿನಗಳಿವೆ. 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ಹತ್ತಿ, ಸ್ಫೋಟಕ ತುಂಬಿದ್ದ ‘ಫೋರ್ಟ್ ಸ್ಟಿಕೀನ್’ ಹಡಗು ಸಿಡಿದು, ಬೆಂಕಿ ಆರಿಸಲು ಹೋದ 66 ಸಿಬ್ಬಂದಿ ಸತ್ತರು. ಅವರ ನೆನಪಿಗೆ ಆ ದಿನದಿಂದ ಒಂದು ವಾರ ದೇಶದಲ್ಲೆಲ್ಲ ಅಗ್ನಿಶಾಮಕ ಸೇವಾ ಸಪ್ತಾಹ. ಗಣರಾಜ್ಯೋತ್ಸವ, ಸ್ವಾತಂತ್ರ್ಯ ದಿನಕ್ಕೆ ರಾಷ್ಟ್ರಪತಿ ಪದಕಗಳು ಪ್ರಕಟವಾಗುತ್ತವೆ. ಜೀವ ಉಳಿಸಿದವರಿಗೆ, ಅವರು ಸಾಮಾನ್ಯ ನಾಗರಿಕರಾಗಿದ್ದರೂ, ಜೀವನ ರಕ್ಷಾ ಪದಕವಿದೆ. ಒಳ್ಳೆಯದೇ. ಆದರೆ ಪದಕದ ಪಟ್ಟಿಯಲ್ಲಿ ಒಬ್ಬೊಬ್ಬರ ಹೆಸರು ಬರುತ್ತದೆ, ಸುರಂಗದ ಸಾಲಿನಲ್ಲಿ ಹತ್ತಾರು ಜೊತೆ ಕೈಗಳಿರುತ್ತವೆ. ಬುಟ್ಟಿ ಬುಟ್ಟಿ ಮಣ್ಣು ಹಿಂದಕ್ಕೆ ದಾಟಿಸಿದವನನ್ನು ಯಾವ ಪಟ್ಟಿಗೆ ಸೇರಿಸುವುದು?

ಲಚ್ಯಾಣದ ಸುದ್ದಿ ಟಿವಿಯಲ್ಲಿ ನೋಡಿ ಕಣ್ಣೊರೆಸಿಕೊಂಡವರಲ್ಲಿ ನಾನೂ ಒಬ್ಬ. ಅಂಥ ದೃಶ್ಯ ಮುಗಿದ ಮೇಲೆ ಆಂಬುಲೆನ್ಸಿನಲ್ಲಿ ನಡೆಯುವುದನ್ನು ಯಾರೂ ತೋರಿಸುವುದಿಲ್ಲ. ಸ್ಟ್ರೆಚರಿನ ಮಣ್ಣು ಒರೆಸಬೇಕು, ಸಿಲಿಂಡರಿನಲ್ಲಿ ಆಮ್ಲಜನಕ ಎಷ್ಟಿದೆ ನೋಡಬೇಕು, ಕಾಗದಪತ್ರ ತುಂಬಬೇಕು. ಆಮೇಲೆ ಗಾಡಿ ಖಾಲಿ ಇದೆ ಎಂದು ಕಾಲ್‌ಸೆಂಟರಿಗೆ ತಿಳಿಸಬೇಕು.