‘ನನ್ನಿಂದಾಗುತ್ತಿಲ್ಲ’ ಎಂದು ಹೇಳಲು ಕಲಿತ ಎರಡು ವರ್ಷ

ಎಂ.ಡಿ. ಅನಸ್ತೇಷಿಯಾ ಸೀಟು ಸಿಕ್ಕಿದೆ ಎಂದು ಊರಿಗೆ ಫೋನ್ ಮಾಡಿದಾಗ ಅವ್ವ ಕೇಳಿದ ಮೊದಲ ಪ್ರಶ್ನೆ: ‘ಅಂದ್ರ ಆಪರೇಷನ್ ನೀ ಮಾಡಂಗಿಲ್ಲೇನು?’

‘ಇಲ್ಲವ್ವಾ, ಆಪರೇಷನ್ ಮಾಡೋರು ಬ್ಯಾರೆ. ನಾ ಪೇಷಂಟ್‌ಗೆ ಎಚ್ಚರ ತಪ್ಪಸ್ತೀನಿ.’

‘ಎಚ್ಚರ ತಪ್ಪಸಾಕ ಮೂರು ವರ್ಷ ಓದಬೇಕೇನು?’

ನಕ್ಕು ಸುಮ್ಮನಾದೆ. ಎಚ್ಚರ ತಪ್ಪಿಸುವುದು ಕಷ್ಟವಲ್ಲ, ಒಂದು ಸೂಜಿ ಸಾಕು. ಆದರೆ ಆ ಸೂಜಿಯ ಬೆನ್ನಲ್ಲೇ ರೋಗಿಯ ಉಸಿರಾಟವೂ ನಿಲ್ಲುತ್ತದೆ. ಕೆಲವೇ ನಿಮಿಷಗಳಲ್ಲಿ ಗಂಟಲಿನ ಮೂಲಕ ಶ್ವಾಸನಾಳಕ್ಕೆ ಕೊಳವೆ ಇಳಿಸಿ, ಅವರ ಬದಲು ನಾವು ಉಸಿರಾಡಿಸಬೇಕು. ಹತ್ತರಲ್ಲಿ ಒಂಬತ್ತು ಸಲ ಇದು ಸಲೀಸಾಗಿ ಆಗುತ್ತದೆ. ಮೂರು ವರ್ಷ ಓದುವುದು ಆ ಹತ್ತನೆಯ ಸಲಕ್ಕಾಗಿ. ಆ ಹತ್ತನೆಯ ಸಲದ ಬಗ್ಗೆ ನಾನು ನಿಜವಾಗಿ ಕಲಿತದ್ದು ಮಾತ್ರ ಇಂಗ್ಲೆಂಡಿನಲ್ಲಿ, ಎರಡು ವರ್ಷದ ತರಬೇತಿಗೆಂದು ಹೋದಾಗ.

ಅಂದು ಬಾಯಿ ಬಿಡಲಿಲ್ಲ

ಹೋಗುವ ಮುಂಚಿನ ಒಂದು ಘಟನೆ ಹೇಳದಿದ್ದರೆ ಈ ಲೇಖನಕ್ಕೆ ಅರ್ಥವಿಲ್ಲ. ನಾನಾಗ ಪಿ.ಜಿ. ಎರಡನೇ ವರ್ಷ. ಥೈರಾಯ್ಡ್ ಗಡ್ಡೆಯ ಆಪರೇಷನ್‌ಗೆ ಬಂದಿದ್ದ ನಡುವಯಸ್ಸಿನ ಹೆಣ್ಣುಮಗಳೊಬ್ಬರಿಗೆ ನಮ್ಮ ಹಿರಿಯ ವೈದ್ಯರೊಬ್ಬರು ಕೊಳವೆ ಹಾಕುತ್ತಿದ್ದರು. ಒಂದು ಸಲ ಆಗಲಿಲ್ಲ. ಎರಡು, ಮೂರು, ನಾಲ್ಕು... ಪ್ರತಿ ಸಲವೂ ಗಂಟಲು ಇನ್ನಷ್ಟು ಊದಿಕೊಳ್ಳುತ್ತಿತ್ತು. ರಕ್ತದ ಆಮ್ಲಜನಕ ಇಳಿದಂತೆ ಮಾನಿಟರ್‌ನ ‘ಬೀಪ್’ ಸದ್ದೂ ತಗ್ಗುತ್ತಾ ಹೋಗುತ್ತದೆ. ಆ ಸದ್ದು ಕೇಳಿದರೆ ಇಂದಿಗೂ ನನ್ನ ಅಂಗೈ ಬೆವರುತ್ತದೆ.

ಕೊಳವೆ ಇಳಿಯದಿದ್ದಾಗ ಗಂಟಲಿನೊಳಗೆ ಕೂರಿಸಿ ಉಸಿರಾಡಿಸುವ ಎಲ್‌.ಎಂ.ಎ. ಎಂಬ ಮಾಸ್ಕ್ ಇದೆ. ಅದು ನನ್ನ ಕೈಯಲ್ಲೇ ಇತ್ತು. ‘ಸರ್, ಇದನ್ನು ಹಾಕೋಣವೇ?’ ಎಂಬ ಮೂರು ಪದ ಬಾಯಿಂದ ಹೊರಡಲಿಲ್ಲ. ಅವರು ನನ್ನ ಪರೀಕ್ಷಕರೂ ಆಗುವವರಿದ್ದರು. ಕೊನೆಗೆ ಹೇಗೋ ಕೊಳವೆ ಇಳಿಯಿತು. ಆಕೆ ಮೂರು ದಿನ ಐಸಿಯುನಲ್ಲಿದ್ದು, ಅದೃಷ್ಟಕ್ಕೆ ನಡೆದುಕೊಂಡೇ ಮನೆಗೆ ಹೋದರು. ಮನೆಯವರಿಗೆ ‘ಸ್ವಲ್ಪ ಉಸಿರಾಟದ ತೊಂದರೆ ಆಗಿತ್ತು’ ಎಂದಷ್ಟೇ ಹೇಳಿದೆವು. ಆಕೆಯ ಗಂಟಲಿಗೆ ಕೊಳವೆ ಹಾಕುವುದು ಕಷ್ಟ ಎಂಬ ಒಂದು ಸಾಲೂ ಫೈಲಿನಲ್ಲಿ ಇರಲಿಲ್ಲ. ಬರೆದಿದ್ದರೆ ಅದು ಯಾರದೋ ಸೋಲಿನಂತೆ ಕಾಣುತ್ತಿತ್ತಲ್ಲ!

ಎರಡು ಸಲ ಐಇಎಲ್‌ಟಿಎಸ್

ಎಂ.ಡಿ. ಮುಗಿಸಿ ಕೆಲಸ ಮಾಡುತ್ತಿದ್ದಾಗ ಸೀನಿಯರ್ ಒಬ್ಬರಿಂದ ಬ್ರಿಟನ್ನಿನ ‘ಮೆಡಿಕಲ್ ಟ್ರೈನಿಂಗ್ ಇನಿಶಿಯೇಟಿವ್’ (ಎಂಟಿಐ) ಬಗ್ಗೆ ತಿಳಿಯಿತು. ಹೊರದೇಶದ ವೈದ್ಯರು ಅಲ್ಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂಬಳ ಪಡೆಯುತ್ತಲೇ ಗರಿಷ್ಠ 24 ತಿಂಗಳು ತರಬೇತಿ ಪಡೆದು, ಕಲಿತದ್ದನ್ನು ತಮ್ಮ ದೇಶಕ್ಕೆ ಕೊಂಡೊಯ್ಯಲಿ ಎಂಬುದು ಇದರ ಉದ್ದೇಶ. ಅರಿವಳಿಕೆ ವಿಭಾಗಕ್ಕೆ ಪ್ರಾಯೋಜಕತ್ವ ಕೊಡುವುದು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಅನಸ್ತೆಟಿಸ್ಟ್ಸ್.

ನಾನು ಹತ್ತನೇ ತರಗತಿವರೆಗೆ ಓದಿದ್ದು ಹಾವೇರಿ ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಯಲ್ಲಿ. ಐಇಎಲ್‌ಟಿಎಸ್‌ನಲ್ಲಿ ಒಟ್ಟು 7.5 ಬರಬೇಕು, ನಾಲ್ಕೂ ವಿಭಾಗಗಳಲ್ಲಿ 7ಕ್ಕಿಂತ ಕಡಿಮೆ ಆಗಬಾರದು. ಮೊದಲ ಸಲ ಬರವಣಿಗೆಯಲ್ಲಿ 6.5 ಬಂತು. ಅರ್ಧ ಅಂಕಕ್ಕೆ ಆರು ತಿಂಗಳು ಹೋಯಿತು. ನೈಟ್ ಡ್ಯೂಟಿ ಮುಗಿಸಿ ಬಂದು ದಿನಕ್ಕೊಂದು ಪ್ರಬಂಧ ಬರೆದು ತಿದ್ದಿಸಿಕೊಂಡೆ. ಎರಡನೇ ಸಲ ದಾಟಿದೆ. ವಿಡಿಯೊ ಸಂದರ್ಶನದಲ್ಲಿ ಉತ್ತರ ಇಂಗ್ಲೆಂಡಿನ ಆಸ್ಪತ್ರೆಯೊಂದು ನನ್ನನ್ನು ಆರಿಸಿಕೊಂಡಿತು. ‘ಮೈತುಂಬ ಹೊದ್ಕೊಂಡು ಮಲಗು’ ಎಂದು ಹೇಳಿ ಅವ್ವ ಶೇಂಗಾ ಚಟ್ನಿ, ಖಡಕ್ ರೊಟ್ಟಿ ಕಟ್ಟಿಕೊಟ್ಟಳು.

ಹೆಸರು ಹಿಡಿದು ಕರೆಯುವ ಕಷ್ಟ

ಮೊದಲ ಕೆಲವು ವಾರ ನಾನು ಒಬ್ಬಳೇ ಅರಿವಳಿಕೆ ಕೊಡುವಂತಿರಲಿಲ್ಲ. ಪಕ್ಕದಲ್ಲಿ ಯಾವಾಗಲೂ ಒಬ್ಬರು ಕನ್ಸಲ್ಟೆಂಟ್. ನನಗೆ ಒಳಗೊಳಗೇ ಸಿಟ್ಟು. ಒಂದೇ ರಾತ್ರಿಯಲ್ಲಿ ನಾಲ್ಕೈದು ಸಿಸೇರಿಯನ್‌ಗೆ ಬೆನ್ನಿಗೆ ಸೂಜಿ ಕೊಟ್ಟ ಕೈ ಇದು, ಇವರು ನನಗೇನು ಕಲಿಸುತ್ತಾರೆ ಎಂಬ ಜಂಬ. ಕೈಕೆಲಸದಲ್ಲಿ ಆ ಜಂಬ ಪೂರ್ತಿ ಸುಳ್ಳೂ ಅಲ್ಲ. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಕಲಿತವರಿಗೆ ಕೈ ಪಳಗಿರುತ್ತದೆ.

ಆದರೆ ಬೆಳಿಗ್ಗೆ ಮೊದಲ ರೋಗಿಯನ್ನು ಕರೆತರುವ ಮುನ್ನ ಎಲ್ಲರೂ ಸುತ್ತ ನಿಂತು ಹೆಸರು ಹೇಳಿಕೊಳ್ಳುತ್ತಿದ್ದರು. ಸರ್ಜನ್, ನರ್ಸ್, ವಿದ್ಯಾರ್ಥಿ, ಸ್ಟ್ರೆಚರ್ ತಳ್ಳುವವರು ಎಲ್ಲರೂ. ಇವತ್ತು ಯಾವ ಕೇಸಿನಲ್ಲಿ ಯಾರಿಗೆ ಏನು ಆತಂಕ ಎಂದು ಬಾಯಿಬಿಟ್ಟು ಹೇಳಬೇಕು. ನನಗಿಂತ ಇಪ್ಪತ್ತೈದು ವರ್ಷ ದೊಡ್ಡವರನ್ನು ಹೆಸರು ಹಿಡಿದು ಕರೆಯಬೇಕು. ನಾಲಿಗೆ ಹೊರಳಲೇ ಇಲ್ಲ. ಒಂದು ತಿಂಗಳು ‘ಎಕ್ಸ್‌ಕ್ಯೂಸ್ ಮಿ’ ಎನ್ನುತ್ತಲೇ ಕಾಲ ತಳ್ಳಿದೆ.

ಇದೆಲ್ಲ ಬರೀ ಶಿಷ್ಟಾಚಾರ ಎಂದುಕೊಂಡಿದ್ದೆ. ಒಂದು ದಿನ ತರಬೇತಿಯಲ್ಲಿ ಎಲೇನ್ ಬ್ರೋಮಿಲಿ ಅವರ ಪ್ರಕರಣ ವಿವರಿಸಿದರು. 2005ರ ಮಾರ್ಚ್‌ನಲ್ಲಿ ಮೂಗಿನ ಸೈನಸ್‌ನ ಸಣ್ಣ ಆಪರೇಷನ್‌ಗೆಂದು ಬಂದ, ಎರಡು ಮಕ್ಕಳ ತಾಯಿ ಆಕೆ. ಅರಿವಳಿಕೆ ಕೊಟ್ಟ ಮೇಲೆ ಉಸಿರಾಡಿಸಲು ಆಗಲಿಲ್ಲ. ಕೊಠಡಿಯಲ್ಲಿದ್ದ ಅನುಭವಿ ವೈದ್ಯರು ಕೊಳವೆ ಹಾಕುವ ಯತ್ನದಲ್ಲೇ ಮುಳುಗಿಹೋದರು. ಕತ್ತಿನಲ್ಲಿ ರಂಧ್ರ ಮಾಡಿ ಉಸಿರಾಡಿಸುವ ಸಲಕರಣೆಯನ್ನು ನರ್ಸ್ ಒಬ್ಬರು ತಂದಿಟ್ಟಿದ್ದರು, ಇನ್ನೊಬ್ಬರು ಐಸಿಯು ಹಾಸಿಗೆ ಕಾಯ್ದಿರಿಸಲು ಫೋನ್ ಮಾಡಿದ್ದರು. ಅಂದರೆ ಏನು ಮಾಡಬೇಕೆಂದು ನರ್ಸ್‌ಗಳಿಗೆ ಗೊತ್ತಿತ್ತು. ಆದರೆ ಅದು ವೈದ್ಯರ ಕಿವಿಗೆ ಬೀಳುವಂತೆ ಹೇಳಲು ಅವರಿಗೆ ದಾರಿ ತೋಚಲಿಲ್ಲ. 13 ದಿನಗಳ ನಂತರ ಎಲೇನ್ ತೀರಿಕೊಂಡರು. ಆಕೆಯ ಪತಿ ಮಾರ್ಟಿನ್ ವಿಮಾನದ ಪೈಲಟ್. ಯಾರನ್ನೂ ಜೈಲಿಗೆ ಕಳಿಸಿ ಎನ್ನದೆ, ವಿಮಾನ ಅಪಘಾತವಾದಾಗ ಮಾಡುವಂತೆ ‘ಏಕೆ ಹೀಗಾಯಿತು’ ಎಂದು ತನಿಖೆ ಮಾಡಿ ಎಂದು ಕೇಳಿದರು. 2007ರಲ್ಲಿ ಕ್ಲಿನಿಕಲ್ ಹ್ಯೂಮನ್ ಫ್ಯಾಕ್ಟರ್ಸ್ ಗ್ರೂಪ್ ಕಟ್ಟಿದರು.

ಪ್ರಕರಣದ ವಿವರಣೆ ಮುಗಿದಾಗ ನಾನು ಎದ್ದು ಹೊರಗೆ ಹೋದೆ. ಎಲ್‌.ಎಂ.ಎ. ಹಿಡಿದು ಸುಮ್ಮನೆ ನಿಂತಿದ್ದ ನನ್ನ ಕೈ ನೆನಪಾಗಿತ್ತು.

ಆ ರಾತ್ರಿ ಒಂದು ಗಂಟೆಗೆ

ಅಲ್ಲಿನ ಡಿಫಿಕಲ್ಟ್ ಏರ್‌ವೇ ಸೊಸೈಟಿ 2015ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಲೆಕ್ಕ ಸ್ಪಷ್ಟವಾಗಿದೆ. ಕೊಳವೆ ಹಾಕಲು ಹೆಚ್ಚೆಂದರೆ ಮೂರು ಪ್ರಯತ್ನ. ಹೆಚ್ಚು ಅನುಭವಿ ಬಂದರೆ ಅವರಿಗೆ ಇನ್ನೊಂದು. ಆಗದಿದ್ದರೆ ‘ಆಗಲಿಲ್ಲ’ ಎಂದು ಎಲ್ಲರಿಗೂ ಕೇಳುವಂತೆ ಘೋಷಿಸಿ, ಮುಂದಿನ ಹಂತಕ್ಕೆ ಹೋಗಬೇಕು. ಪುಸ್ತಕದಲ್ಲಿ ನಾನೂ ಓದಿದ್ದೆ. ಆದರೆ ಎಸ್ಸೆಸ್ಸೆಲ್ಸಿಯಿಂದ ಎಂ.ಡಿ.ವರೆಗೆ ‘ನನಗೆ ಬರುವುದಿಲ್ಲ’ ಎಂದು ಹೇಳಿದವರಿಗೆ ಅಂಕ ಕೊಟ್ಟವರನ್ನು ನಾನು ನೋಡಿರಲಿಲ್ಲ.

ಒಂಬತ್ತನೇ ತಿಂಗಳಿರಬೇಕು. ರಾತ್ರಿ ಪಾಳಿ. ಅಪೆಂಡಿಕ್ಸ್ ನೋವಿನಿಂದ ಬಂದಿದ್ದ ಭಾರೀ ಮೈಕಟ್ಟಿನ ವ್ಯಕ್ತಿ, ವೃತ್ತಿಯಲ್ಲಿ ಬಸ್ ಡ್ರೈವರ್. ಮೊದಲ ಪ್ರಯತ್ನ ಆಗಲಿಲ್ಲ. ‘ಒಂದನೇ ಸಲ ಆಗಲಿಲ್ಲ’ ಎಂದು ಜೋರಾಗಿ ಹೇಳಿದೆ. ಪಕ್ಕದಲ್ಲಿದ್ದ ಅರಿವಳಿಕೆ ಸಹಾಯಕಿ, ‘ಕನ್ಸಲ್ಟೆಂಟ್‌ಗೆ ಫೋನ್ ಮಾಡಿಸಲೇ?’ ಎಂದರು. ಮನಸ್ಸು ‘ಬೇಡ, ಇನ್ನೊಂದು ಸಲ ನೋಡುತ್ತೇನೆ’ ಎನ್ನುತ್ತಿತ್ತು. ಬಾಯಿ ‘ಮಾಡಿಸಿ’ ಎಂದಿತು. ವಿಡಿಯೊ ಲ್ಯಾರಿಂಗೋಸ್ಕೋಪ್ ಹಿಡಿದು ಮಾಡಿದ ಎರಡನೇ ಪ್ರಯತ್ನವೂ ಕೈಕೊಟ್ಟಿತು. ಬೀಪ್ ಸದ್ದು ತಗ್ಗತೊಡಗಿತು. ಮೂರನೆಯದಕ್ಕೆ ಕೈ ತಾನಾಗಿ ಹೋಗುತ್ತಿತ್ತು. ತಡೆದೆ. ‘ನನ್ನಿಂದಾಗುತ್ತಿಲ್ಲ. ಎಲ್‌.ಎಂ.ಎ. ಕೊಡಿ.’

ಹೇಳುವ ಮೊದಲೇ ಸಹಾಯಕಿ ಅದನ್ನು ಬಿಚ್ಚಿ ಹಿಡಿದಿದ್ದರು. ಮಾಸ್ಕ್ ಕೂತಿತು. ಬೀಪ್ ಮತ್ತೆ ಏರಿತು. ಅಷ್ಟರಲ್ಲಿ ಕನ್ಸಲ್ಟೆಂಟ್ ಬಂದು, ಆ ಮಾಸ್ಕ್‌ನ ಮೂಲಕವೇ ಫೈಬರ್ ಸ್ಕೋಪ್ ಹಾಯಿಸಿ ಕೊಳವೆ ಇಳಿಸಿದರು. ಬೈಗುಳಕ್ಕೆ ಸಿದ್ಧಳಾಗಿದ್ದೆ. ಅವರು ‘ಸರಿಯಾದ ಹೊತ್ತಿಗೆ ಕರೆದೆ’ ಎಂದು ಟೀ ಮಾಡಲು ಹೋದರು.

ನಿಜವಾದ ಪರೀಕ್ಷೆ ಇದ್ದದ್ದು ಮರುದಿನ. ರೋಗಿಗೆ ನಾನೇ ಹೋಗಿ ಎಲ್ಲವನ್ನೂ ವಿವರಿಸಬೇಕಿತ್ತು. ಕೊಳವೆ ಹಾಕುವುದು ಏಕೆ ಕಷ್ಟವಾಯಿತು, ಏನು ಮಾಡಿದರೆ ಕೆಲಸವಾಯಿತು ಎಂದು ಒಂದು ಪತ್ರ ಬರೆದು ಅವರಿಗೊಂದು, ಅವರ ಕುಟುಂಬ ವೈದ್ಯರಿಗೊಂದು ಪ್ರತಿ ಕೊಡಬೇಕಿತ್ತು. ಮುಂದೆ ಎಂದಾದರೂ ಆಪರೇಷನ್ ಆದರೆ ಅಲ್ಲಿನ ಅರಿವಳಿಕೆ ವೈದ್ಯರಿಗೆ ಮೊದಲೇ ಗೊತ್ತಿರಲಿ ಎಂದು. ನಡುಗುವ ದನಿಯಲ್ಲಿ ಹೇಳಿ ಮುಗಿಸಿದೆ. ಆತ ಪತ್ರವನ್ನು ಎರಡು ಸಲ ಓದಿ, ‘ಹೇಳಿದ್ದಕ್ಕೆ ಥ್ಯಾಂಕ್ಸ್’ ಎಂದ.

ಕನ್ನಡದ ಚೀಟಿ

‘ಅಲ್ಲೇ ಉಳಿಯೋದಲ್ವಾ?’ ಎಂದು ಕೇಳದವರಿಲ್ಲ. ಎಂಟಿಐ ಇರುವುದೇ ಮರಳಿ ಬರುವವರಿಗಾಗಿ. ಬಂದೆ. ಈಗ ನಮ್ಮದೇ ಭಾಗದ ಆಸ್ಪತ್ರೆಯೊಂದರಲ್ಲಿದ್ದೇನೆ. ಅಲ್ಲಿನ ಯಂತ್ರಗಳನ್ನು ತರಲಾಗಲಿಲ್ಲ. ಖರ್ಚಿಲ್ಲದ ಎರಡು ಅಭ್ಯಾಸ ತಂದೆ.

ಒಂದು, ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಕೊಟ್ಟ, ಆಪರೇಷನ್‌ಗೆ ಮುನ್ನ ಮತ್ತು ನಂತರ ಗಟ್ಟಿಯಾಗಿ ಓದುವ 19 ಅಂಶಗಳ ಪಟ್ಟಿ. ಇದು ಶ್ರೀಮಂತ ದೇಶಗಳ ಶೋಕಿಯಲ್ಲ. ದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಇದನ್ನು ಪರೀಕ್ಷಿಸಿದಾಗ ಆಪರೇಷನ್ ನಂತರದ ಸಾವಿನ ಪ್ರಮಾಣ ಶೇ 1.5ರಿಂದ ಶೇ 0.8ಕ್ಕೆ ಇಳಿದಿತ್ತು. ನಮ್ಮಲ್ಲಿ ಮೊದಲ ಮೂರು ವಾರ ನಾನೊಬ್ಬಳೇ ಓದುತ್ತಿದ್ದೆ, ಉಳಿದವರು ಮುಖ ನೋಡಿಕೊಂಡು ನಗುತ್ತಿದ್ದರು. ನಾಲ್ಕನೇ ವಾರ, ತೊಡೆಮೂಳೆ ಮುರಿದ ಅಜ್ಜನಿಗೆ ನೋವು ಕಡಿಮೆಯಾಗಲೆಂದು ನರಕ್ಕೆ ಇಂಜೆಕ್ಷನ್ ಕೊಡಲು ಸೂಜಿ ಎತ್ತಿದ್ದೆ. ಮೂಲೆಯಲ್ಲಿ ನಿಂತಿದ್ದ ಗ್ರೂಪ್ ಡಿ ನೌಕರ ಅಂಜುತ್ತಲೇ, ‘ಮೇಡಂರೀ, ಎಕ್ಸ್‌ರೇದಾಗ ಬಲಗಾಲು ಐತ್ರಿ’ ಎಂದರು. ನಾನು ನಿಂತಿದ್ದು ಎಡಗಾಲಿನ ಕಡೆ. ಸೂಜಿ ಕೆಳಗಿಟ್ಟು, ಎಲ್ಲರೆದುರು ಅವರಿಗೆ ಕೈ ಮುಗಿದೆ. ಅಂದಿನಿಂದ ಯಾರೂ ನಗಲಿಲ್ಲ.

ಎರಡನೆಯದು, ಚೀಟಿ. ಕೊಳವೆ ಹಾಕುವುದು ಕಷ್ಟವಾದ ಪ್ರತಿ ರೋಗಿಗೂ ಒಂದು ಪುಟ ಬರೆದುಕೊಡುತ್ತೇನೆ. ವೈದ್ಯರಿಗೆ ಬೇಕಾದ ವಿವರ ಇಂಗ್ಲಿಷಿನಲ್ಲಿ, ಕೆಳಗೆ ಕನ್ನಡದಲ್ಲಿ: ‘ಮುಂದೆ ಎಲ್ಲೇ ಆಪರೇಷನ್ ಆದರೂ ಇದನ್ನು ಮೊದಲು ತೋರಿಸಿ.’ ಜೊತೆಗೆ ನನ್ನ ಫೋನ್ ನಂಬರ್. ಕಳೆದ ವರ್ಷ ಬೇರೆ ಊರಿನ ಅರಿವಳಿಕೆ ವೈದ್ಯರೊಬ್ಬರು ಕರೆ ಮಾಡಿದರು. ರೈತ ಮಹಿಳೆಯೊಬ್ಬರು ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡಿದ್ದ ನನ್ನ ಚೀಟಿ ತೋರಿಸಿದ್ದರಂತೆ. ‘ಇದು ಇರದಿದ್ದರೆ ಮಾಮೂಲಿಯಂತೆ ಶುರು ಮಾಡಿಬಿಡುತ್ತಿದ್ದೆ, ಮೇಡಂ’ ಎಂದರು. ಆ ಥೈರಾಯ್ಡ್ ರೋಗಿಗೆ ನಾನು ಬರೆದುಕೊಡದ ಚೀಟಿ ಇನ್ಯಾರದೋ ಕೈಸೇರಿ ಕೆಲಸ ಮಾಡಿತ್ತು. ಆ ಸಾಲ ತೀರಿತು ಎನ್ನಲಾರೆ.

ನಿಮಗೂ ಆಸಕ್ತಿಯಿದ್ದರೆ

ಎಂಟಿಐಗೆ ಪ್ಲ್ಯಾಬ್ ಪರೀಕ್ಷೆ ಬೇಕಿಲ್ಲ. ಸ್ನಾತಕೋತ್ತರ ಅರ್ಹತೆ ಮತ್ತು ಇತ್ತೀಚಿನವರೆಗಿನ ಕೆಲಸದ ಅನುಭವ ಇರಬೇಕು. ಐಇಎಲ್‌ಟಿಎಸ್ ಬದಲು ಆರೋಗ್ಯ ವೃತ್ತಿಪರರಿಗೆಂದೇ ಇರುವ ಒಇಟಿ ಬರೆಯಬಹುದು, ಎಲ್ಲ ವಿಭಾಗಗಳಲ್ಲೂ ‘ಬಿ’ ಗ್ರೇಡ್ ಬರಬೇಕು. ಮೊದಲು ಕೆಲಸ ಸಿಗಬೇಕು, ನಂತರ ಪ್ರಾಯೋಜಕತ್ವ, ಅಲ್ಲಿನ ವೈದ್ಯ ಮಂಡಳಿಯ ನೋಂದಣಿ, ಆಮೇಲೆ ವೀಸಾ. ಎಲ್ಲಕ್ಕೂ ಸೇರಿ ಒಂದು ವರ್ಷ ಕೈಯಲ್ಲಿಟ್ಟುಕೊಳ್ಳಿ. ಮಾಡಿದ ಪ್ರತಿ ಕೇಸನ್ನೂ ಪಿ.ಜಿ. ಮೊದಲ ದಿನದಿಂದಲೇ ಲಾಗ್‌ಬುಕ್‌ನಲ್ಲಿ ಬರೆದಿಡಿ. ಏಜೆಂಟರಿಗೆ ಹಣ ಕೊಡಬೇಡಿ. ನಿಯಮಗಳು ಬದಲಾಗುತ್ತಿರುವುದರಿಂದ ರಾಯಲ್ ಕಾಲೇಜಿನ ಅಧಿಕೃತ ಜಾಲತಾಣವನ್ನೇ ನೋಡಿ.

ಎಂಬಿಬಿಎಸ್ ಸೀಟು ಸಿಗದವರೂ ಈ ಕ್ಷೇತ್ರದಿಂದ ದೂರವಿರಬೇಕಿಲ್ಲ. ಪಿಯುಸಿ ವಿಜ್ಞಾನದ ನಂತರ ಬಿ.ಎಸ್ಸಿ. ಅನಸ್ತೇಷಿಯಾ ಮತ್ತು ಆಪರೇಷನ್ ಥಿಯೇಟರ್ ಟೆಕ್ನಾಲಜಿ ನಮ್ಮ ರಾಜ್ಯದಲ್ಲೇ ಇದೆ. ಆ ರಾತ್ರಿ ನಾನು ಕೇಳುವ ಮೊದಲೇ ಮಾಸ್ಕ್ ಬಿಚ್ಚಿ ಹಿಡಿದಿದ್ದವರು ಡಾಕ್ಟರ್ ಆಗಿರಲಿಲ್ಲ, ನೆನಪಿರಲಿ.

ಡಾಕ್ಟರೇ ಆಗಿ, ಟೆಕ್ನೀಷಿಯನ್ನೇ ಆಗಿ, ಯಾವ ಆಫೀಸಿಗಾದರೂ ಸೇರಿ. ಮೊದಲ ಕೆಲಸದ ಮೊದಲ ದಿನ ‘ಇದು ನನಗೆ ಬರುತ್ತಿಲ್ಲ, ಬನ್ನಿ’ ಎಂದು ಕರೆಯಲು ನಾಚಿಕೊಳ್ಳಬೇಡಿ. ಹಾಗೆ ಕರೆದವರನ್ನು ನೋಡಿ ನಗಲೂ ಬೇಡಿ.