ಫಿರಂಗಿಯನ್ನು ಎಳೆದವರು: ಎತ್ತು ಮತ್ತು ಯಂತ್ರ



ಗುಬ್ಬಿ ತಾಲ್ಲೂಕಿನ ನಿಟ್ಟೂರಿನಂತಹ ಊರುಗಳಲ್ಲಿ ಬಾಳಿದವರಿಗೆ ಒಂದು ಸಂಗತಿಯನ್ನು ಹೊಸದಾಗಿ ಹೇಳಬೇಕಾಗಿಲ್ಲ. ಮಳೆಗಾಲದ ಕೆಸರಿನಲ್ಲಿ ತೆಂಗಿನಕಾಯಿಯ ಹೇರಿನ ಗಾಡಿಯು ಅಚ್ಚಿನವರೆಗೆ ಹೂತುಕೊಂಡಿತೆಂದರೆ, ಗಾಡಿ ಎಷ್ಟೇ ಭದ್ರವಾಗಿರಲಿ, ಸರಕು ಎಷ್ಟೇ ಬೆಲೆಯುಳ್ಳದ್ದಾಗಿರಲಿ, ಎಲ್ಲರ ದೃಷ್ಟಿಯೂ ಎತ್ತುಗಳ ಕಡೆಗೇ ತಿರುಗುವುದು. ಇನ್ನೊಂದು ಜೋಡಿಯನ್ನು ತಂದು ಮುಂದೆ ಕಟ್ಟಿದ ಹೊರತು ಗಾಡಿ ಕದಲದು. ಯುದ್ಧದ ಫಿರಂಗಿಯ ಮಾತೂ ಹೀಗೆಯೇ. ಅದರ ಗುಂಡಿನ ಬಿರುಸನ್ನು ವರ್ಣಿಸುವವರು ಬಹು ಮಂದಿ. ಅದನ್ನು ರಣರಂಗಕ್ಕೆ ಎಳೆದು ತಂದವರನ್ನು ನೆನೆಯುವವರು ವಿರಳ.

ನಮ್ಮ ಸೀಮೆಗೆ ಈ ವಿಷಯದಲ್ಲಿ ಹಳೆಯ ಅನುಭವವುಂಟು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆಚಾವಡಿ’ ಎನಿಸಿದ್ದ ರಾಸುಗಳ ಇಲಾಖೆಗೆ ಟಿಪ್ಪು ಸುಲ್ತಾನನು ‘ಅಮೃತಮಹಲ್’ ಎಂದು ಹೆಸರಿಟ್ಟನು. ಹಳ್ಳಿಕಾರ್ ತಳಿಗೆ ಹತ್ತಿರದ ಸಂಬಂಧವುಳ್ಳ ಈ ರಾಸುಗಳು ತುಮಕೂರು, ಹಾಸನ, ಕಡೂರು, ಚಿತ್ರದುರ್ಗದ ಸೀಮೆಗಳ ಕಾವಲುಗಳಲ್ಲಿ ಮೇಯುತ್ತಿದ್ದವು. ಫಿರಂಗಿಯ ತೂಕಕ್ಕೆ ತಕ್ಕಷ್ಟು ಜೋಡಿಗಳನ್ನು ಒಂದರ ಮುಂದೊಂದಾಗಿ ಹೂಡುತ್ತಿದ್ದರು. 1781ರಲ್ಲಿ ಹೈದರಾಲಿಯು ಚಿದಂಬರದ ರಕ್ಷಣೆಗಾಗಿ ಎರಡೂವರೆ ದಿನಗಳಲ್ಲಿ 100 ಮೈಲಿಗಳನ್ನು ಕ್ರಮಿಸಿದುದು ಈ ಎತ್ತುಗಳ ಬಲದಿಂದಲೇ ಎಂದು ಹಿಂದಿನ ಗ್ರಂಥಕಾರರು ಬರೆದಿರುವರು.

ಎಳೆಯುವ ಪ್ರಾಣಿಯು ಬಿದ್ದರೆ ಏನಾಗುವುದೆಂಬುದಕ್ಕೂ ಅದೇ ಕಾಲದಲ್ಲಿ ನಿದರ್ಶನವಿದೆ. 1803ರಲ್ಲಿ ಆರ್ಥರ್ ವೆಲ್ಲೆಸ್ಲಿಯು ಹರಿಹರದಿಂದ ಸೈನ್ಯವನ್ನು ಹೊರಡಿಸಿ, ಸೆಪ್ಟೆಂಬರ್ 23ರಂದು ಅಸ್ಸಾಯೆಯಲ್ಲಿ ಮರಾಠರನ್ನು ಎದುರಿಸಿದನು. ಮರಾಠರ ಗುಂಡಿನ ಸುರಿಮಳೆಗೆ ಫಿರಂಗಿಯ ಎತ್ತುಗಳೂ ಗೋಲಂದಾಜರೂ ಉರುಳಿದರು. ಫಿರಂಗಿಗಳು ನಿಂತಲ್ಲೇ ನಿಂತವು. ಕಾಲಾಳುಗಳು ಅವುಗಳ ಆಸರೆಯಿಲ್ಲದೆ ಮುನ್ನುಗ್ಗಬೇಕಾಯಿತು. ಗೆಲವೇನೋ ದೊರೆಯಿತು, ಆದರೆ ಅದಕ್ಕೆ ತೆತ್ತ ಬೆಲೆಯು ಘೋರವಾಗಿದ್ದಿತು.

ನೊಗದ ಕಾಲವು ಕಳೆದು ಮೋಟಾರಿನ ಕಾಲವು ಬಂದರೂ ಈ ತೊಡಕು ಬಿಡಲಿಲ್ಲ. 1916ರಲ್ಲಿ ಟ್ಯಾಂಕೆಂಬ ಉಕ್ಕಿನ ರಥವು ರಣರಂಗಕ್ಕಿಳಿಯಿತು. ಅದನ್ನು ಭೇದಿಸುವುದಕ್ಕೆಂದೇ ಟ್ಯಾಂಕ್ ನಿರೋಧಕ ಫಿರಂಗಿಯು ಹುಟ್ಟಿತು. ಸಾಧಾರಣ ಫಿರಂಗಿಯು ಸೈನ್ಯದ ಹಿಂದೆ, ಶತ್ರುವಿನ ಕಣ್ಣಿಗೆ ಬೀಳದ ದೂರದಲ್ಲಿ ನಿಲ್ಲಬಹುದು. ಇದಾದರೋ ಮುಂದಿನ ಸಾಲಿನಲ್ಲಿ, ನೆಲಕ್ಕೆ ಅಂಟಿಕೊಂಡಂತೆ ಅಡಗಿದ್ದು, ಟ್ಯಾಂಕು ಸಮೀಪಿಸಿದೊಡನೆ ಹೊಡೆದು, ಬೇಗನೆ ಸ್ಥಳ ಬದಲಿಸಬೇಕು. ಆದುದರಿಂದ ಇದನ್ನು ಎಳೆಯುವ ವಾಹನಕ್ಕೆ ಹಲವು ಗುಣಗಳು ಬೇಕಾದವು: ಹೊಲಗದ್ದೆಗಳಲ್ಲಿ ಓಡಬೇಕು, ಆಳುಗಳನ್ನೂ ಮದ್ದುಗುಂಡುಗಳನ್ನೂ ಹೊರಬೇಕು, ಎತ್ತರವಾಗಿ ಕಾಣಿಸಿಕೊಳ್ಳಬಾರದು.

ಎರಡನೆಯ ಮಹಾಯುದ್ಧದ ಮೊದಲಲ್ಲಿ ಬ್ರಿಟಿಷರಲ್ಲಿದ್ದುದು ‘ಎರಡು ಪೌಂಡರ್’. ಅಂದರೆ ಸುಮಾರು ಎರಡು ಪೌಂಡಿನ ಗುಂಡನ್ನು ಹಾರಿಸುವಂತಹುದು. ಅದರ ತೂಕವು ಮುಕ್ಕಾಲು ಟನ್ನಿಗೆ ತುಸು ಮೇಲೆ. ಸಣ್ಣ ಲಾರಿಯೇ ಎಳೆಯಬಲ್ಲುದು. ಆದರೆ ಉತ್ತರ ಆಫ್ರಿಕದ ಮರುಭೂಮಿಯ ಕಲ್ಲುನೆಲದಲ್ಲಿ ಬಹುದೂರ ಎಳೆದಾಗ ಫಿರಂಗಿಯ ಗಾಡಿಯೇ ಜಖಂಗೊಂಡಿತು. ಆಗ ಅದನ್ನು ಲಾರಿಯ ಮೇಲೇರಿಸಿ ಹೊತ್ತೊಯ್ಯುವ ಉಪಾಯವನ್ನು ಹೂಡಿದರು. ಇದಕ್ಕೆ ‘ಪೋರ್ಟೀ’ ಎಂದು ಹೆಸರು. ಬೇಕಾದರೆ ಲಾರಿಯ ಮೇಲಿನಿಂದಲೇ ಗುಂಡು ಹಾರಿಸಬಹುದಾಗಿತ್ತು. ಆದರೆ ಬಯಲಿನಲ್ಲಿ ಎತ್ತರವಾಗಿ ನಿಂತ ಲಾರಿಗೆ ಮರೆಯೆಲ್ಲಿ? 1941ರ ನವೆಂಬರ್ 21ರಂದು ಸಿದಿ ರೆಜೆಘ್‌ನಲ್ಲಿ ಜಾರ್ಜ್ ವಾರ್ಡ್ ಗನ್ ಎಂಬ ತರುಣ ಅಧಿಕಾರಿಯು ಬೆಂಕಿ ಹೊತ್ತಿದ್ದ ಪೋರ್ಟೀಯ ಮೇಲೆ ನಿಂತು ಹೊಡೆಯುತ್ತಲೇ ಪ್ರಾಣಬಿಟ್ಟನು. ಮರಣಾನಂತರ ಅವನಿಗೆ ವಿಕ್ಟೋರಿಯಾ ಕ್ರಾಸ್ ಪದಕವು ಸಂದಿತು.

1942ರಲ್ಲಿ ‘ಆರು ಪೌಂಡರ್’ ಬಂದಿತು. ತೂಕವು ಒಂದು ಟನ್ನನ್ನು ಮೀರಿತು. ಮುಂದೆ ಕಾಲಾಳು ಪಡೆಗಳಲ್ಲಿ ಇದನ್ನೆಳೆಯಲು ‘ಲಾಯ್ಡ್ ಕ್ಯಾರಿಯರ್’ ಬಳಕೆಗೆ ಬಂದಿತು. ಇದಕ್ಕೆ ಗಾಲಿಗಳ ಬದಲು ಉಕ್ಕಿನ ಸರಪಣಿಯ ಪಟ್ಟಿ, ಫೋರ್ಡ್ ಎಂಜಿನು, ತಗ್ಗಾದ ಆಕಾರ. ಆಳುಗಳೂ ಗುಂಡುಗಳೂ ಅದರಲ್ಲಿಯೇ. ಆದರೆ ಮೇಲ್ಭಾಗವು ತೆರೆದಿದ್ದುದರಿಂದ ಮೇಲಿನಿಂದ ಬೀಳುವ ಸಿಡಿಗುಂಡಿಗೆ ತಡೆಯಿರಲಿಲ್ಲ. ವಿಮಾನದಿಂದಿಳಿದ ಪಡೆಗಳು ಇದೇ ಫಿರಂಗಿಯನ್ನು 1944ರಲ್ಲಿ ಆರ್ನೆಮ್‌ನಲ್ಲಿ ಜೀಪಿಗೆ ಕಟ್ಟಿ ಎಳೆದವು.

ಶತ್ರುವಿನ ಟ್ಯಾಂಕಿನ ಕವಚವು ದಪ್ಪವಾದಂತೆ ಫಿರಂಗಿಯೂ ಬೆಳೆಯಿತು. ‘ಹದಿನೇಳು ಪೌಂಡರ್’ ಸುಮಾರು 3 ಟನ್ನು ತೂಗುತ್ತಿತ್ತು. ಇದಕ್ಕೆ ನಾಲ್ಕು ಗಾಲಿಗಳಿಗೂ ಎಂಜಿನಿನ ಬಲವುಳ್ಳ ಮಾರಿಸ್ ‘ಕ್ವಾಡ್’ ಬೇಕಾಯಿತು. ಫಿರಂಗಿಯು ಕೆಸರಿನಲ್ಲಿ ಸಿಕ್ಕಿಬಿದ್ದರೆ ಈ ವಾಹನವು ತಾನು ಗಟ್ಟಿನೆಲದಲ್ಲಿ ನಿಂತು, ಉಕ್ಕಿನ ಹಗ್ಗವನ್ನು ರಾಟೆಗೆ ಸುತ್ತುತ್ತ ಅದನ್ನು ಹೊರಗೆಳೆಯುತ್ತಿತ್ತು. ಮುಂದೆ ಜೋಡಿ ಕಟ್ಟುವ ನಮ್ಮ ರೈತನ ಉಪಾಯಕ್ಕೆ ಇದು ಬಹು ದೂರದ್ದಲ್ಲ! 1944ರಲ್ಲಿ ಹಳೆಯ ‘ಕ್ರುಸೇಡರ್’ ಟ್ಯಾಂಕುಗಳ ಗೋಪುರವನ್ನು ಕಳಚಿ, ಅವುಗಳನ್ನೂ ಇದನ್ನೆಳೆಯುವ ಕೆಲಸಕ್ಕೆ ಹಚ್ಚಿದರು.

ಇಷ್ಟಾದರೂ ಒಂದು ಧರ್ಮಸಂಕಟವು ಉಳಿದೇ ಉಳಿಯಿತು. ವಾಹನವು ಪಕ್ಕದಲ್ಲಿದ್ದರೆ ಫಿರಂಗಿಯ ಗುಟ್ಟು ಬಯಲಾಗುವುದು. ದೂರದಲ್ಲಿದ್ದರೆ ಸಮಯಕ್ಕೆ ಒದಗದು. 1942ರ ಅಕ್ಟೋಬರ್ 26ರ ರಾತ್ರಿ ಈಜಿಪ್ಟಿನ ಎಲ್ ಅಲಮೀನ್ ಯುದ್ಧದಲ್ಲಿ ‘ಸ್ನೈಪ್’ ಎಂಬ ಠಾಣ್ಯಕ್ಕೆ 19 ಆರು ಪೌಂಡರ್‌ಗಳನ್ನು ಒಯ್ದು ನೆಲೆಗೊಳಿಸಿದರು. ಬೆಳಗಾಗುವ ಮುನ್ನ ವಾಹನಗಳನ್ನು ಹಿಂದಕ್ಕೆ ಕಳುಹಿಸಿದರು. ಮರುದಿನವೆಲ್ಲ ಆ ಸಣ್ಣ ಪಡೆಯು ಶತ್ರುವಿನ ಟ್ಯಾಂಕುಗಳ ದಾಳಿಗಳನ್ನು ಒಂದಾದ ಮೇಲೊಂದರಂತೆ ಮುರಿಯಿತು. ಗುಂಡುಗಳು ತೀರುತ್ತ ಬಂದಾಗ ಒಬ್ಬ ಅಧಿಕಾರಿಯು ಜೀಪಿನಲ್ಲಿ ನುಗ್ಗಿ, ಕೆಟ್ಟು ನಿಂತ ಫಿರಂಗಿಗಳ ಬಳಿಯಿದ್ದುದನ್ನು ತಂದುಕೊಟ್ಟನು. ರಾತ್ರಿ ಹಿಂದಿರುಗುವಾಗ ಅವರು ಎಳೆದು ತರಲು ಸಾಧ್ಯವಾದುದು ಒಂದೇ ಒಂದು ಫಿರಂಗಿ.

ಅಸ್ಸಾಯೆಯಲ್ಲಿ ಎತ್ತು ಬಿದ್ದಾಗಲೂ ಸ್ನೈಪ್‌ನಲ್ಲಿ ವಾಹನವು ದೂರವಾದಾಗಲೂ ಕಷ್ಟಕ್ಕೊಳಗಾದವರು ಫಿರಂಗಿಯ ಬಳಿ ನಿಂತ ಆಳುಗಳು. ಅವರಿಗೆ ಒಳ್ಳೆಯ ಆಯುಧದಷ್ಟೇ ಒಳ್ಳೆಯ ಎಳೆತವೂ ಪ್ರಾಣಾಧಾರವಾಗಿದ್ದಿತು. ಅಮೃತಮಹಲ್ ರಾಸುಗಳಿಗೆ ಇಂದು ಯುದ್ಧದ ಕೆಲಸವಿಲ್ಲ. ಅಜ್ಜಂಪುರದ ಸಂವರ್ಧನ ಕೇಂದ್ರದಲ್ಲಿ ಆ ತಳಿಯನ್ನು ಕಾಪಾಡಿಕೊಂಡು ಬರಲಾಗಿದೆ. ಆ ದಾರಿಯಲ್ಲಿ ಹೋಗುವವರು ಅವುಗಳ ನೀಳವಾದ ಕೊಂಬನ್ನು ನೋಡಿ ಮೆಚ್ಚುವಾಗ, ಅವು ಹೊತ್ತ ನೊಗವನ್ನೂ ಒಮ್ಮೆ ನೆನೆಯಲಿ.