ಪರದೇಶದಲ್ಲಿ ಹೋಟೆಲ್ ಊಟ: ಬಿಲ್ಲಿಗೆ ಮೊದಲೇ ಇರಲಿ ಲೆಕ್ಕ

ಗಂಡ ಗಲ್ಫಿನಲ್ಲಿದ್ದಾನೆ. ಮಕ್ಕಳಿಗೆ ರಜೆ ಸಿಕ್ಕಿದೆ. ವಿಸಿಟ್ ವೀಸಾ ಬಂದಿದೆ. ಇನ್ನು ಟಿಕೆಟ್, ಬಟ್ಟೆಬರೆ, ಬಂಧುಗಳಿಗೆ ತರಬೇಕಾದ ಉಡುಗೊರೆಗಳ ಪಟ್ಟಿ. ಎಲ್ಲದಕ್ಕೂ ಲೆಕ್ಕ ಹಾಕುತ್ತೇವೆ. ಆದರೆ ಹೋದ ಮೇಲೆ ದಿನಕ್ಕೆ ಮೂರು ಹೊತ್ತು ಏನು ತಿನ್ನುತ್ತೇವೆ, ಎಲ್ಲಿ ತಿನ್ನುತ್ತೇವೆ, ಅದಕ್ಕೆಷ್ಟು ಖರ್ಚಾಗುತ್ತದೆ ಎಂದು ಕೇಳಿಕೊಳ್ಳುವವರು ಕಡಿಮೆ. ನಾನೂ ಕೇಳಿಕೊಂಡಿರಲಿಲ್ಲ.

2019ರಲ್ಲಿ ನಾನು ಇಬ್ಬರು ಮಕ್ಕಳೊಂದಿಗೆ ಮೊದಲ ಬಾರಿ ದುಬೈಗೆ ಹೋಗಿದ್ದೆ. ಆರನೆಯ ದಿನ ಸಂಜೆ ಒಂದು ದೊಡ್ಡ ಮಾಲ್‌ಗೆ ಹೋದೆವು. ತಿರುಗಿ ತಿರುಗಿ ಮಕ್ಕಳಿಗೆ ಹಸಿವಾಯಿತು. ಎದುರಿಗೆ ಕಂಡ ರೆಸ್ಟೋರೆಂಟ್‌ಗೆ ನುಗ್ಗಿದೆವು. ಮಕ್ಕಳಿಗೆ ಬೇರೆ ಬೇರೆ ತಟ್ಟೆ, ಎಲ್ಲರಿಗೂ ಜ್ಯೂಸ್, ಕೇಳದೆಯೇ ತಂದಿಟ್ಟ ನೀರಿನ ಬಾಟಲಿಗಳು. ಇವರು ಮಾತ್ರ, "ನನಗೆ ಅಷ್ಟೇನೂ ಹಸಿವಿಲ್ಲ" ಎಂದು ಮಕ್ಕಳು ಬಿಟ್ಟದ್ದನ್ನು ತಿಂದರು. ಬಿಲ್ಲು 212 ದಿರ್ಹಮ್ ಬಂತು. ಆಗಿನ ಲೆಕ್ಕದಲ್ಲಿ ಸುಮಾರು ನಾಲ್ಕು ಸಾವಿರ ರೂಪಾಯಿ.

ರಾತ್ರಿ ಮಕ್ಕಳು ಮಲಗಿದ ಮೇಲೆ ನಾನು ಒತ್ತಾಯಿಸಿ ಕೇಳಿದೆ. ಆಗ ಅವರು ಹೇಳಿದ್ದು: "ಅದು ನನ್ನ ಅರ್ಧ ತಿಂಗಳ ಮೆಸ್ಸಿನ ಹಣ. ಇರಲಿ ಬಿಡು, ಮಕ್ಕಳು ತಿಂದರಲ್ಲ." ರೂಮಿನಲ್ಲಿ ಏಳೆಂಟು ಜನ ಸೇರಿ ಮಾಡಿಕೊಂಡ ಮೆಸ್ಸಿನಲ್ಲಿ ಖುಬ್ಬೂಸ್ ಮತ್ತು ದಾಲ್ ತಿಂದು ಉಳಿಸಿದ್ದನ್ನು ನಾವು ಆರು ದಿನಗಳಲ್ಲಿ ತಿಂದು ಮುಗಿಸಿದ್ದೆವು. ಕೊನೆಯ ವಾರಕ್ಕೆ ಅವರು ರೂಮಿನ ಗೆಳೆಯರಿಂದ ಸಾಲ ತಂದಿದ್ದು ನನಗೆ ತಿಳಿದದ್ದು ಊರಿಗೆ ಮರಳಿದ ಮೇಲೆ.

ಸಹೋದರಿಯರೇ, ತಪ್ಪು ದುಬೈಯದ್ದಲ್ಲ, ಮಕ್ಕಳದ್ದೂ ಅಲ್ಲ. ಮನೆಯಲ್ಲಿ ಅಕ್ಕಿ, ಸಕ್ಕರೆಗೆ ಲೆಕ್ಕವಿಡುವ ನಾನು ಪ್ರವಾಸದ ಊಟಕ್ಕೆ ಲೆಕ್ಕವಿಟ್ಟಿರಲಿಲ್ಲ. 2023ರಲ್ಲಿ ಎರಡನೆಯ ಬಾರಿ ಹದಿನಾಲ್ಕು ದಿನಗಳಿಗೆ ಹೋದಾಗ ಇಟ್ಟೆ. ಆ ಅನುಭವವನ್ನು ನಿಮ್ಮ ಮುಂದಿಡುತ್ತಿದ್ದೇನೆ.

ದಿನಕ್ಕಿಷ್ಟು ಎಂದು ಮೊದಲೇ ನಿರ್ಧರಿಸಿ

ಮೊದಲಿಗೆ ದಿರ್ಹಮನ್ನು ರೂಪಾಯಿಗೆ ತಿರುಗಿಸುವ ಸುಲಭ ಲೆಕ್ಕವೊಂದು ತಲೆಯಲ್ಲಿರಲಿ. ಆಗ ದಿರ್ಹಮ್‌ಗೆ ಇಪ್ಪತ್ತೆರಡೂವರೆ ರೂಪಾಯಿಯ ಆಸುಪಾಸು ಇತ್ತು. ನಾನು ಇಪ್ಪತ್ತೈದು ಎಂದೇ ಹಿಡಿದೆ. ಲೆಕ್ಕ ಸುಲಭ, ವ್ಯತ್ಯಾಸ ನಮಗೇ ಉಳಿತಾಯ. ನೀವು ಹೋಗುವಾಗಿನ ದರ ನೋಡಿ, ಅದಕ್ಕಿಂತ ತುಸು ಮೇಲಿನ ಅಂಕಿಯನ್ನೇ ಹಿಡಿಯಿರಿ.

ನಾಲ್ವರ ಊಟಕ್ಕೆ ನಾವು ತೆಗೆದಿಟ್ಟದ್ದು 1,400 ದಿರ್ಹಮ್, ನನ್ನ ಲೆಕ್ಕದಲ್ಲಿ 35,000 ರೂಪಾಯಿ. ಅದನ್ನು ಹದಿನಾಲ್ಕರಿಂದ ಸಮನಾಗಿ ಭಾಗಿಸಲಿಲ್ಲ. ಏಕೆಂದರೆ ಎಲ್ಲ ದಿನಗಳೂ ಒಂದೇ ರೀತಿ ಇರುವುದಿಲ್ಲ. ಹತ್ತು ಸಾಮಾನ್ಯ ದಿನಗಳಿಗೆ ದಿನಕ್ಕೆ 80ರಂತೆ 800. ಮಕ್ಕಳ ಆಸೆಯ ಮೂರು ದಿನಗಳಿಗೆ 150ರಂತೆ 450. ಮರುಭೂಮಿ ಸಫಾರಿಯ ದಿನಕ್ಕೆ 50, ಏಕೆಂದರೆ ಸಫಾರಿಯ ಹಣದಲ್ಲಿ ರಾತ್ರಿಯ ಊಟವೂ ಸೇರಿತ್ತು. ಉಳಿದ 100 ದಿರ್ಹಮ್ ಆಪತ್ತಿಗೆ. ಸಾಮಾನ್ಯ ದಿನದ 80ನ್ನು ಹೀಗೆ ಹಂಚಿದೆ: ಬೆಳಗಿನ ತಿಂಡಿಗೆ 15, ಮಧ್ಯಾಹ್ನಕ್ಕೆ 30, ಸಂಜೆಯ ಚಹಾ-ತಿಂಡಿಗೆ 10, ರಾತ್ರಿಗೆ 25.

ಪ್ರತಿ ದಿನದ ಹಣವನ್ನು ಬೇರೆ ಬೇರೆ ಲಕೋಟೆಯಲ್ಲಿಟ್ಟು ಮೇಲೆ ದಿನಾಂಕ ಬರೆದೆ. ಇಂದು ಉಳಿದದ್ದು ನಾಳೆಯ ಲಕೋಟೆಗೆ ಹೋಗುತ್ತದೆ. ಆದರೆ ನಾಳೆಯ ಲಕೋಟೆಯನ್ನು ಇಂದು ತೆರೆಯುವಂತಿಲ್ಲ. ದೊಡ್ಡ ಮಗನೇ ಇದರ ಕಾವಲುಗಾರನಾದ. ನೀವು ಹೋಗುವಾಗ ಬೆಲೆಗಳು ಬದಲಾಗಿರಬಹುದು. ಅಂಕಿಗಳನ್ನು ಬದಲಿಸಿಕೊಳ್ಳಿ, ಹಂಚುವ ಕ್ರಮವನ್ನು ಬಿಡಬೇಡಿ.

ಅಡುಗೆಮನೆ ಇರುವ ಕೋಣೆ

ದೇರಾ, ಬರ್‌ದುಬೈ ಕಡೆ ಪುಟ್ಟ ಅಡುಗೆಮನೆ ಇರುವ ಹೋಟೆಲ್ ಅಪಾರ್ಟ್‌ಮೆಂಟ್‌ಗಳಿವೆ. ಬಾಡಿಗೆ ತುಸು ಹೆಚ್ಚಾದರೂ ನಾಲ್ವರ ಬೆಳಗಿನ ತಿಂಡಿ ಅಲ್ಲೇ ಆದರೆ ಹೆಚ್ಚುವರಿ ಹಣ ಮರಳಿ ಬರುತ್ತದೆ. ಖುಬ್ಬೂಸ್, ಮೊಟ್ಟೆ, ಹಾಲು, ಮೊಸರು ಯಾವ ಗ್ರೋಸರಿಯಲ್ಲೂ ಸಿಗುತ್ತವೆ. ರಾತ್ರಿ ಹೊರಗೆ ಉಳಿದ ಅನ್ನವನ್ನು ಕಟ್ಟಿಸಿ ತಂದು ಫ್ರಿಜ್‌ನಲ್ಲಿಟ್ಟು ಮರುದಿನ ಬಿಸಿಮಾಡಲೂ ಆಗುತ್ತದೆ.

ಊರಿನಿಂದ ಮಸಾಲೆ ಕೊಂಡೊಯ್ಯುವವರು ಒಂದು ಮಾತನ್ನು ಮರೆಯದಿರಿ. ಯುಎಇಯಲ್ಲಿ ಗಸಗಸೆ ನಿಷಿದ್ಧ. ನಮ್ಮ ಕುರ್ಮಾ, ಬಿರಿಯಾನಿ ಮಸಾಲೆಗಳಿಗೆ ಅದನ್ನು ಹಾಕುವ ರೂಢಿಯಿದೆ. ಮನೆಯಲ್ಲಿ ಹುರಿದು ಪುಡಿಮಾಡಿದ ಮಸಾಲೆಯಲ್ಲೂ ಗಸಗಸೆ ಇರದಂತೆ ನೋಡಿಕೊಳ್ಳಿ. ಅಂಗಡಿಯ ಪೊಟ್ಟಣವಾದರೆ ಹಿಂಬದಿಯಲ್ಲಿ ಬರೆದಿರುವುದನ್ನು ಓದಿ. ಊಟದ ಖರ್ಚು ಉಳಿಸಲು ಹೋಗಿ ವಿಮಾನ ನಿಲ್ದಾಣದಲ್ಲಿ ಕಾನೂನಿನ ತೊಡಕಿಗೆ ಸಿಲುಕುವುದು ಬೇಡ.

ಎಲ್ಲಿ ತಿನ್ನಬೇಕು?

ಒಂದೇ ಊರಿನಲ್ಲಿ ಒಂದೇ ಪದಾರ್ಥಕ್ಕೆ ಮೂರು ಬಗೆಯ ಬೆಲೆಗಳಿರುತ್ತವೆ. ಮಾಲ್ ಮತ್ತು ಕಡಲ ತೀರದ ರೆಸ್ಟೋರೆಂಟ್‌ಗಳಲ್ಲಿ ಅತಿ ಹೆಚ್ಚು. ಕರಾಮ, ಸತ್ವ, ದೇರಾದ ಒಳರಸ್ತೆಗಳಲ್ಲಿ ಬಹಳ ಕಡಿಮೆ. ದೊಡ್ಡ ಹೈಪರ್‌ಮಾರ್ಕೆಟ್‌ಗಳ ಬಿಸಿ ಊಟದ ಕೌಂಟರ್ ಇವೆರಡರ ನಡುವೆ. ಕರಾಮದಲ್ಲಿ ಮಲಬಾರಿ ಹೋಟೆಲ್‌ಗಳ ಮೀನೂಟ, ಪೊರೋಟ, ಉಡುಪಿ ಶೈಲಿಯ ದೋಸೆ ಎಲ್ಲವೂ ಸಿಗುತ್ತವೆ. ಬೀದಿ ಬದಿಯ ಕೆಫೆಟೇರಿಯಾಗಳಲ್ಲಿ ಕರಕ್ ಚಹಾ, ಶವರ್ಮಾ, ಮೊಟ್ಟೆ ಪೊರೋಟ ಸಿಗುತ್ತವೆ. ನಮ್ಮ ಸಂಜೆಯ ಹತ್ತು ದಿರ್ಹಮ್ ಇಂಥಲ್ಲೇ ಸಾಕಾಯಿತು.

ಮಂದಿಯ ವಿಷಯ ತಿಳಿದಿರಲಿ. ಇದನ್ನು ಕ್ವಾರ್ಟರ್, ಹಾಫ್, ಫುಲ್ ಎಂದು ಮಾರುತ್ತಾರೆ. ಅನ್ನ ಧಾರಾಳ. ಹಾಫ್ ಚಿಕನ್ ಮಂದಿಯಲ್ಲಿ ನಾವು ನಾಲ್ವರೂ ಉಂಡೆವು. ತಲೆಗೊಂದು ತಟ್ಟೆ ಹೇಳುವ ನಮ್ಮ ಅಭ್ಯಾಸ ಅಲ್ಲಿ ದುಂದಿನ ಮೂಲ. ಮೊದಲು ಒಂದು ಹೇಳಿ, ಸಾಲದಿದ್ದರೆ ಮತ್ತೊಂದು ಹೇಳಿದರಾಯಿತು. ಒಂದೇ ತಳಿಗೆಯ ಸುತ್ತ ಕುಳಿತು ಉಣ್ಣುವುದು ನಮಗೇನು ಹೊಸತೇ?

ಮಾಲ್‌ಗೆ ಹೋಗಲೇಬೇಕು, ಮಕ್ಕಳು ಕಾರಂಜಿ ನೋಡಲೇಬೇಕು. ಆ ದಿನ ಹೊಟ್ಟೆ ತುಂಬಿಸಿಕೊಂಡೇ ಹೋಗಿ, ಅಲ್ಲಿ ಐಸ್‌ಕ್ರೀಮ್ ಮಾತ್ರ ಕೊಡಿಸಿ. ಚಳಿಗಾಲದ ಗ್ಲೋಬಲ್ ವಿಲೇಜ್‌ಗೂ ಇದೇ ಮಾತು. ಅಲ್ಲಿ ದೇಶ ದೇಶಗಳ ತಿನಿಸುಗಳ ಪರಿಮಳವೇ ಜೇಬನ್ನು ಎಳೆಯುತ್ತದೆ. ಮಕ್ಕಳಿಗೆ ತಲಾ ಒಂದು ತಿನಿಸು ಆರಿಸಲು ಬಿಡಿ, ಎಲ್ಲರೂ ಹಂಚಿಕೊಳ್ಳಿ.

ಬಿಲ್ಲಿನಲ್ಲಿ ಅಡಗಿರುವುದು

ಯುಎಇಯಲ್ಲಿ 2018ರ ಜನವರಿಯಿಂದ ಶೇ. 5ರಷ್ಟು ವ್ಯಾಟ್ ಇದೆ. ಮೆನುವಿನ ಬೆಲೆಯಲ್ಲೇ ಅದು ಸೇರಿರುತ್ತದೆ. ಆದರೆ ತಂಗುವ ದೊಡ್ಡ ಹೋಟೆಲ್‌ಗಳ ಒಳಗಿನ ರೆಸ್ಟೋರೆಂಟ್‌ಗಳಲ್ಲಿ ಸೇವಾ ಶುಲ್ಕ, ನಗರಸಭೆಯ ಶುಲ್ಕಗಳೂ ಇರುತ್ತವೆ. ಕೂರುವ ಮೊದಲೇ ಮೆನು ತರಿಸಿ ನೋಡಲು ಸಂಕೋಚಪಡಬೇಡಿ. ಟಿಪ್ಸ್ ಕಡ್ಡಾಯವಲ್ಲ.

ನಮ್ಮ ಆ 212 ದಿರ್ಹಮ್ ಬಿಲ್ಲನ್ನು ನಾನು ಊರಿಗೆ ಬಂದ ಮೇಲೆ ಬಿಡಿಸಿ ನೋಡಿದೆ. ಮೂರನೆಯ ಒಂದು ಭಾಗ ಜ್ಯೂಸ್ ಮತ್ತು ನೀರಿನದೇ! ದುಬೈಯಲ್ಲಿ 2022ರಿಂದ ಪಾರ್ಕು, ಕಡಲ ತೀರ ಮುಂತಾದೆಡೆ ಉಚಿತ ಕುಡಿಯುವ ನೀರಿನ ಕೇಂದ್ರಗಳಿವೆ. ಮನೆಯಿಂದಲೇ ಬಾಟಲಿ ಒಯ್ದು ತುಂಬಿಸಿಕೊಳ್ಳಿ. ಆದರೆ ಮೆಟ್ರೋದೊಳಗೆ ನೀರು ಕುಡಿಯುವುದಕ್ಕೂ ತಿನ್ನುವುದಕ್ಕೂ ಅವಕಾಶವಿಲ್ಲ, 100 ದಿರ್ಹಮ್ ದಂಡವಿದೆ. ಮಕ್ಕಳ ಕೈಯ ಬಿಸ್ಕತ್ತು ಚೀಲಕ್ಕೆ ಸೇರಲಿ.

ಕಾರ್ಡಿನಲ್ಲಿ ಹಣ ಕೊಡುವಾಗ ಯಂತ್ರ ಕೆಲವೊಮ್ಮೆ "ರೂಪಾಯಿಯೋ, ದಿರ್ಹಮೋ?" ಎಂದು ಕೇಳುತ್ತದೆ. ರೂಪಾಯಿ ನಮ್ಮದೆಂದು ಅದನ್ನೇ ಒತ್ತಬೇಡಿ. ಹಾಗೆ ಮಾಡಿದರೆ ವಿನಿಮಯ ದರವನ್ನು ಅವರೇ ತಮಗೆ ಬೇಕಾದಂತೆ ಹಾಕಿಕೊಳ್ಳುತ್ತಾರೆ. ದಿರ್ಹಮನ್ನೇ ಆರಿಸಿ. ನಿಮ್ಮ ಬ್ಯಾಂಕ್ ಪ್ರತ್ಯೇಕವಾಗಿ ಎಷ್ಟು ಕಡಿತ ಮಾಡುತ್ತದೆಂದು ಹೊರಡುವ ಮೊದಲೇ ವಿಚಾರಿಸಿ. ಹಣ ಬದಲಿಸಲು ವಿಮಾನ ನಿಲ್ದಾಣಕ್ಕಿಂತ ಊರೊಳಗಿನ ಎಕ್ಸ್‌ಚೇಂಜ್‌ಗಳು ಮೇಲು.

ಲೆಕ್ಕ ಜಿಪುಣತನವಲ್ಲ

"ವರ್ಷಕ್ಕೊಮ್ಮೆ ಸೇರುವುದು, ಆಗಲೂ ಲೆಕ್ಕವೇ?" ಎಂದು ನಿಮ್ಮವರು ಹೇಳಬಹುದು. ದೂರದಲ್ಲಿ ದುಡಿಯುವ ಗಂಡಸರು ಹಾಗೆಯೇ ಹೇಳುತ್ತಾರೆ. ವರ್ಷವಿಡೀ ಮಕ್ಕಳಿಗೆ ಕೊಡಲಾಗದ ಪ್ರೀತಿಯನ್ನು ಹದಿನೈದು ದಿನಗಳಲ್ಲಿ ಕೊಡಿಸಿ ಮುಗಿಸುವ ಹಂಬಲ ಅವರಿಗೆ. ಹಣ ಮುಗಿದದ್ದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಆದ್ದರಿಂದ ಊರಿನಿಂದ ಹೊರಡುವ ಮೊದಲೇ ಫೋನಿನಲ್ಲಿ ಇಬ್ಬರೂ ಕುಳಿತು ಮಾತಾಡಿ, ಒಟ್ಟು ಮೊತ್ತವನ್ನು ನಿರ್ಧರಿಸಿ. ಮಕ್ಕಳಿಗೂ ತಿಳಿಸಿ. ಮಕ್ಕಳು ನಾವು ತಿಳಿದುಕೊಂಡಿರುವುದಕ್ಕಿಂತ ಹೆಚ್ಚು ಅರ್ಥ ಮಾಡಿಕೊಳ್ಳುತ್ತಾರೆ.

ಎರಡನೆಯ ಪ್ರವಾಸದ ಕೊನೆಯ ರಾತ್ರಿ ಲಕೋಟೆಗಳಲ್ಲಿ 70 ದಿರ್ಹಮ್ ಉಳಿದಿತ್ತು. ಆಪತ್ತಿನ ನೂರನ್ನು ಮುಟ್ಟಿರಲೇ ಇಲ್ಲ. "ಇವತ್ತು ಉಪ್ಪಾನಿಗೆ ಇಷ್ಟವಾದದ್ದು" ಎಂದು ಮಕ್ಕಳೇ ತೀರ್ಮಾನಿಸಿದರು. ದೇರಾದ ಒಂದು ಸಣ್ಣ ಹೋಟೆಲ್‌ನಲ್ಲಿ ಇವರು ಹುರಿದ ಮೀನು, ಅನ್ನ ತರಿಸಿಕೊಂಡರು. ಆ ದಿನ ಅವರು ಹಸಿವಿಲ್ಲ ಎನ್ನಲಿಲ್ಲ. ತಮ್ಮ ತಟ್ಟೆಯಲ್ಲಿ, ತಮ್ಮ ಪಾಲನ್ನು, ಪೂರ್ತಿ ಉಂಡರು.